ದುರಸ್ತಿಯ ಸಾಧನವಾಗಿ ವಿಂಡೋಸ್ 11 ಇನ್‌ಸ್ಟಲೇಷನ್ ಪೆನ್‌ಡ್ರೈವ್

ಫ್ಯಾನ್ ತಿರುಗುತ್ತದೆ, ತಯಾರಕರ ಲೋಗೊ ಕಾಣಿಸುತ್ತದೆ, ಆದರೆ ವಿಂಡೋಸ್ ಮಾತ್ರ ತೆರೆದುಕೊಳ್ಳುವುದಿಲ್ಲ ಎಂದಾಗ ಸಾಮಾನ್ಯವಾಗಿ ಸಿಗುವ ಸಲಹೆ ‘ಫಾರ್ಮ್ಯಾಟ್ ಮಾಡಿಸಿಬಿಡಿ’ ಎಂಬುದು. ಅದಕ್ಕೆ ಒಪ್ಪುವ ಮುನ್ನ ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಇನ್‌ಸ್ಟಲೇಷನ್ ಮೀಡಿಯಾವನ್ನು, ಅಂದರೆ ವಿಂಡೋಸ್ ಹಾಕುವ ಕಡತಗಳಿರುವ ಪೆನ್‌ಡ್ರೈವನ್ನು, ಬಳಸಿ ನೋಡಬೇಕು. ಅದು ಹೊಸದಾಗಿ ವಿಂಡೋಸ್ ಹಾಕುವುದಕ್ಕಷ್ಟೇ ಇರುವುದಲ್ಲ, ದುರಸ್ತಿಯ ಸಲಕರಣೆಗಳೂ ಅದರೊಳಗೇ ಇವೆ.

ತಯಾರಿಸುವುದು ಸುಲಭ. ಸರಿಯಾಗಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಸಿಕ್ಕಿಸಿದರೆ ಸಾಕು. ಆದರೆ ಅದರಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ. ಕೆಟ್ಟ ಯಂತ್ರವನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು, ಅಂದರೆ ಅದರಿಂದಲೇ ಚಾಲೂ ಮಾಡಲು, ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಬೇಕು. ಹಳೆಯ ಆವೃತ್ತಿಗಳ ಪರದೆಯಲ್ಲಿ ‘ಇನ್‌ಸ್ಟಾಲ್’ ಗುಂಡಿ ಎದ್ದು ಕಾಣುತ್ತಿತ್ತು, ರಿಪೇರಿಯ ಕೊಂಡಿ ಎಡಮೂಲೆಯಲ್ಲಿ ಅಡಗಿತ್ತು. ವಿಂಡೋಸ್ 11ರ 2024ರ ಆವೃತ್ತಿಯಾದ 24ಎಚ್2ರಲ್ಲಿ ಎರಡನ್ನೂ ಒಂದೇ ಪರದೆಯಲ್ಲಿ ಆಯ್ಕೆಗಳಾಗಿ ಇಟ್ಟಿರುವುದು ಬಹಳ ಹಿಂದೆಯೇ ಆಗಬೇಕಿದ್ದ ಸುಧಾರಣೆ.

ರಿಪೇರಿ ಆಯ್ಕೆಯೊಳಗಿನ, ತಾನಾಗಿಯೇ ದೋಷ ಹುಡುಕುವ ‘ಸ್ಟಾರ್ಟಪ್ ರಿಪೇರ್’ ಬಗ್ಗೆ ನನಗೆ ಹೆಚ್ಚಿನ ಭರವಸೆಯಿಲ್ಲ. ಸರಳ ತೊಂದರೆಗಳನ್ನು ಅದು ಸರಿಪಡಿಸಬಲ್ಲದು. ಕೈಲಾಗದಿದ್ದಾಗ ಮಾತ್ರ ಒಂದು ಲಾಗ್ ಫೈಲಿನ ವಿಳಾಸ ತೋರಿಸಿ ಸುಮ್ಮನಾಗುತ್ತದೆ. ಇತ್ತೀಚಿನ ಅಪ್‌ಡೇಟ್ ನಂತರ ಕೆಟ್ಟಿದ್ದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಹೆಚ್ಚು ಉಪಯುಕ್ತ. ಈ ಪೆನ್‌ಡ್ರೈವ್‌ನ ನಿಜವಾದ ಬೆಲೆ ಇರುವುದು ಆದೇಶಗಳನ್ನು ಟೈಪ್ ಮಾಡುವ ಕಪ್ಪು ಪರದೆಯಾದ ಕಮಾಂಡ್ ಪ್ರಾಂಪ್ಟ್‌ನಲ್ಲಿ. ಎಲ್ಲರೂ ಹೇಳಿಕೊಡುವ ‘ಬೂಟ್‌ರೆಕ್ ಫಿಕ್ಸ್‌ಬೂಟ್’ ಆದೇಶ ಯುಇಎಫ್‌ಐ (ಹಳೆಯ ಬಯಾಸ್‌ನ ಬದಲಿಗೆ ಬಂದ ಚಾಲನಾ ವ್ಯವಸ್ಥೆ) ಇರುವ ಯಂತ್ರಗಳಲ್ಲಿ ‘ಆಕ್ಸೆಸ್ ಈಸ್ ಡಿನೈಡ್’ ಎಂದು ನಿಲ್ಲುವುದು ಅಪರೂಪವೇನಲ್ಲ. ಆಗ ಡಿಸ್ಕ್ ವಿಭಾಗಗಳನ್ನು ನಿರ್ವಹಿಸುವ ‘ಡಿಸ್ಕ್‌ಪಾರ್ಟ್’ ಆದೇಶದ ಮೂಲಕ, ಬೂಟ್ ಕಡತಗಳಿರುವ ಇಎಫ್‌ಐ ವಿಭಾಗಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ‘ಬಿಸಿಡಿಬೂಟ್’ ಆದೇಶದಿಂದ ಆ ಕಡತಗಳನ್ನು ಹೊಸದಾಗಿ ಬರೆಸುವುದೇ ಸರಿಯಾದ ದಾರಿ. ಇಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದಾದ್ದರಿಂದ ವಿಂಡೋಸ್ ಯಾವ ಡ್ರೈವ್‌ನಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಅಂದಹಾಗೆ, ಅದೇ ಕಪ್ಪು ಪರದೆಯಲ್ಲಿ ನೋಟ್‌ಪ್ಯಾಡ್ ತೆರೆದು, ಅದರ ‘ಓಪನ್’ ಕಿಟಕಿಯಲ್ಲಿ ಎಲ್ಲ ಫೈಲುಗಳೂ ಕಾಣುವಂತೆ ಮಾಡಿಕೊಂಡರೆ, ಫೋಟೊ ಮತ್ತು ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಯಾವ ದುರಸ್ತಿಗೂ ಮೊದಲು ಮಾಡಬೇಕಾದ ಕೆಲಸವಿದು.

ದೊಡ್ಡ ಅಡ್ಡಿ ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನು ಗೂಢಲಿಪಿಗೆ ಬದಲಿಸಿ (ಎನ್‌ಕ್ರಿಪ್ಟ್ ಮಾಡಿ) ಕಾಯುವ ವಿಂಡೋಸ್‌ನ ವ್ಯವಸ್ಥೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ಇಲ್ಲದೆ ಅದರೊಳಗಿನ ಯಾವ ಫೈಲೂ ದಕ್ಕದು. 2024ರ ಜುಲೈ 19ರಂದು ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದಾಗ, ತೊಂದರೆ ಕೊಟ್ಟ ಕಡತವನ್ನು ಅಳಿಸುವುದು ಸುಲಭವಿದ್ದರೂ, ಆ ಕೀಗಳನ್ನು ಹುಡುಕಿ ಒಂದೊಂದೇ ಯಂತ್ರಕ್ಕೆ ತುಂಬುವುದು ಐಟಿ ವಿಭಾಗಗಳನ್ನು ಹೈರಾಣಾಗಿಸಿತು. ಮನೆಯ ಬಳಕೆದಾರರ ಕೀ ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಜಾಣತನ.

ಇನ್ನೊಂದು ಮಿತಿಯನ್ನೂ ತಿಳಿದಿರಬೇಕು. ಫೈಲು ಮತ್ತು ಪ್ರೋಗ್ರಾಂಗಳನ್ನು ಉಳಿಸಿಕೊಂಡು ವಿಂಡೋಸನ್ನು ಮತ್ತೆ ಹಾಕುವ ಸೌಲಭ್ಯ ವಿಂಡೋಸ್ ಒಳಗಿನಿಂದ ಸೆಟಪ್ ನಡೆಸಿದಾಗ ಮಾತ್ರ ಸಿಗುತ್ತದೆ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಸಿಗುವುದಿಲ್ಲ. ಇಂಟೆಲ್‌ನ 11ನೇ ತಲೆಮಾರಿನ ಮತ್ತು ಅದರ ನಂತರದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಡ್ರೈವರ್ (ಡಿಸ್ಕನ್ನು ಗುರುತಿಸಲು ಬೇಕಾದ ಸಣ್ಣ ತಂತ್ರಾಂಶ) ಸೇರಿಸದ ಹೊರತು ಡಿಸ್ಕ್ ಕಾಣಿಸುವುದೇ ಇಲ್ಲ; ಅಂಥ ಯಂತ್ರ ಇರುವವರು ಡ್ರೈವರನ್ನೂ ಇದೇ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಲಿ. ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆಯಾದ ಬಯಾಸ್‌ನಲ್ಲೂ ಡಿಸ್ಕ್ ಕಾಣದಿದ್ದರೆ ಮಾತ್ರ ಇದರಿಂದ ಪ್ರಯೋಜನವಿಲ್ಲ, ಯಂತ್ರವನ್ನು ಹಾರ್ಡ್‌ವೇರ್ ಬಲ್ಲವರ ಬಳಿಗೇ ಒಯ್ಯಬೇಕು.