ಸಿ ಡ್ರೈವ್ ತುಂಬಿದಾಗ: ವಿಜ್‌ಟ್ರೀ, ವಿನ್‌ಡರ್‌ಸ್ಟಾಟ್, ವಿಂಡೋಸ್‌ನದೇ ಸ್ಟೋರೇಜ್ ಪುಟ – ಯಾವುದು ಕೆಲಸಕ್ಕೆ ಬರುತ್ತದೆ?

ಸಿ ಡ್ರೈವ್‌ನ ಪಟ್ಟಿ ಕೆಂಪಗಾದರೆ ಖಾಲಿ ಜಾಗ ಶೇ. 10ಕ್ಕಿಂತ ಕೆಳಗಿಳಿದಿದೆ ಎಂದರ್ಥ. ಆಗ ಹೆಚ್ಚಿನವರು ಡೌನ್‌ಲೋಡ್ಸ್ ಫೋಲ್ಡರಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ಅಳಿಸುತ್ತಾರೆ, ಇಲ್ಲವೇ ಯಾವುದೋ ‘ಕ್ಲೀನರ್’ ಹಾಕಿಕೊಳ್ಳುತ್ತಾರೆ. ಜಾಗ ತಿಂದಿದ್ದು ಯಾವುದು ಅಂತ ನೋಡುವ ಗೋಜಿಗೇ ಹೋಗುವುದಿಲ್ಲ. ಮೊದಲು ನೋಡಬೇಕಾದದ್ದೇ ಅದು, ಮತ್ತು ಆ ಕೆಲಸಕ್ಕೆ ನನ್ನ ಆಯ್ಕೆ ವಿಜ್‌ಟ್ರೀ ಎಂಬ ತಂತ್ರಾಂಶ. ಉಳಿದವು ಯಾಕೆ ಅಲ್ಲ, ಯಾವಾಗ ಅವೂ ಬೇಕಾಗುತ್ತವೆ ಅನ್ನುವುದಷ್ಟೇ ಇಲ್ಲಿರುವ ವಿಷಯ. 256 ಜಿಬಿ ಎಸ್‌ಎಸ್‌ಡಿ ಇರುವ, ವಿಂಡೋಸ್ 10 ಅಥವಾ 11 ಓಡುವ ಸಾಮಾನ್ಯ ಲ್ಯಾಪ್‌ಟಾಪನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಂದಹಾಗೆ ಆ 256 ವಿಂಡೋಸ್‌ನಲ್ಲಿ 238 ಅಂತಲೇ ಕಾಣುವುದು; ಅಂಗಡಿಯವನು ಮೋಸ ಮಾಡಿಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ವೇಗದ ಮಾತು ಬೇಗ ಮುಗಿಸೋಣ. ಎನ್‌ಟಿಎಫ್‌ಎಸ್ (ಸಿ ಡ್ರೈವ್‌ನಲ್ಲಿ ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಡ್ರೈವ್‌ನಲ್ಲಿ ಪ್ರತಿ ಫೈಲಿನ ವಿವರವೂ ಎಂಎಫ್‌ಟಿ ಎಂಬ ಒಂದೇ ಕೋಷ್ಟಕದಲ್ಲಿ ಇರುತ್ತದೆ. ವಿಜ್‌ಟ್ರೀ ಆ ಕೋಷ್ಟಕವನ್ನೇ ನೇರವಾಗಿ ಓದುತ್ತದೆ, ಹಾಗಾಗಿ ಲಕ್ಷಗಟ್ಟಲೆ ಫೈಲಿದ್ದರೂ ಸೆಕೆಂಡುಗಳ ಕೆಲಸ. ವಿನ್‌ಡರ್‌ಸ್ಟಾಟ್ ಮೂಲತಃ ಒಂದೊಂದೇ ಫೋಲ್ಡರಿನ ಒಳಹೊಕ್ಕು ಎಣಿಸುವ ಜಾತಿಯದು. ಅದರ 2007ರ 1.1.2 ಆವೃತ್ತಿ ಇನ್ನೂ ಎಷ್ಟೋ ಕಂಪ್ಯೂಟರುಗಳಲ್ಲಿದೆ. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮೇಲೆ ಅದನ್ನು ಓಡಿಸಿದರೆ ಚಹಾ ಕುಡಿದು ಬರಬಹುದು. 2ನೇ ಆವೃತ್ತಿ ಬಂದ ಮೇಲೆ ವೇಗ ಬಹಳ ಸುಧಾರಿಸಿದೆ. ಇಟ್ಟುಕೊಳ್ಳುವುದಾದರೆ ಅದನ್ನೇ ಇಟ್ಟುಕೊಳ್ಳಿ.

ಇದೇ ಕೆಲಸದ ಇನ್ನೊಂದು ತಂತ್ರಾಂಶ ಟ್ರೀಸೈಜ್ ಫ್ರೀ: ನೋಡಲು ಎಕ್ಸ್‌ಪ್ಲೋರರ್ ತರಹ, ಹೊಸಬರಿಗೆ ಹಿತ. ವಿಜ್‌ಟ್ರೀ ಇದ್ದಮೇಲೆ ನನಗೆ ಅದರ ಅಗತ್ಯ ಕಂಡಿಲ್ಲ.

ಈಗ ತಲೆನೋವಿನ ವಿಷಯ. ಎಕ್ಸ್‌ಪ್ಲೋರರ್ 225 ಜಿಬಿ ತುಂಬಿದೆ ಅನ್ನುತ್ತದೆ. ಸಿ ಡ್ರೈವ್‌ನ ಫೋಲ್ಡರುಗಳನ್ನೆಲ್ಲ ಆರಿಸಿ ಪ್ರಾಪರ್ಟೀಸ್ ನೋಡಿದರೆ 190 ಅಂತ ಬರುತ್ತದೆ. ಉಳಿದ 35 ಜಿಬಿ ಎಲ್ಲಿ? ವೈರಸ್ ಅಂತ ಹೆದರಿ ಫಾರ್ಮ್ಯಾಟ್ ಮಾಡಿಸಿದವರೂ ಇದ್ದಾರೆ. ಜಾಗ ಎಲ್ಲೂ ಹೋಗಿರುವುದಿಲ್ಲ. ನಿಮ್ಮ ಬಳಕೆದಾರ ಖಾತೆಗೆ ಕಾಣದ ಜಾಗದಲ್ಲಿ ಕೂತಿರುತ್ತದೆ, ಅಷ್ಟೇ.

ಮೊದಲ ಅನುಮಾನ ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್’ ಫೋಲ್ಡರ್ ಮೇಲೆ. ರಿಸ್ಟೋರ್ ಪಾಯಿಂಟುಗಳು (ಏನಾದರೂ ಕೆಟ್ಟಾಗ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಇಟ್ಟುಕೊಂಡ ಪ್ರತಿಗಳು) ಇರುವುದು ಅಲ್ಲಿ. ಅದನ್ನು ತೆರೆಯುವ ಹಕ್ಕು ಅಡ್ಮಿನಿಸ್ಟ್ರೇಟರಿಗೂ ಇಲ್ಲ, ಸಿಸ್ಟಮ್ ಖಾತೆಗೆ ಮಾತ್ರ. ಹಾಗಾಗಿ ಫೋಲ್ಡರ್ ಹೊಕ್ಕು ಎಣಿಸುವ ಹಳೆಯ ವಿನ್‌ಡರ್‌ಸ್ಟಾಟ್ ಬಾಗಿಲಲ್ಲೇ ನಿಂತು, ಲೆಕ್ಕಕ್ಕೆ ಸಿಗದ್ದನ್ನೆಲ್ಲ ‘ಅನ್‌ನೋನ್’ ಎಂಬ ಒಂದು ದೊಡ್ಡ ಚೌಕಕ್ಕೆ ತಳ್ಳುತ್ತದೆ. ವಿಜ್‌ಟ್ರೀ ಕೋಷ್ಟಕದಿಂದಲೇ ಓದುವುದರಿಂದ ಬಾಗಿಲು ತಟ್ಟುವ ಪ್ರಮೇಯವೇ ಇಲ್ಲ; ಒಳಗಿನ ಉದ್ದುದ್ದ ಸಂಖ್ಯೆಯ ಹೆಸರಿನ ಫೈಲುಗಳು ಗಾತ್ರದ ಸಮೇತ ಕಾಣುತ್ತವೆ. ಆದರೆ ಶುರುವಿನಲ್ಲಿ ಅದು ಅನುಮತಿ ಕೇಳಿದಾಗ ‘ಯೆಸ್’ ಒತ್ತಲೇಬೇಕು. ‘ನೋ’ ಅಂದರೆ ಅದೂ ಮಾಮೂಲಿ ದಾರಿ ಹಿಡಿಯುತ್ತದೆ: ವೇಗವೂ ಹೋಯಿತು, ಲೆಕ್ಕವೂ ತಪ್ಪಿತು.

ಕಂಡಿತು ಅಂತ ಆ ಫೈಲುಗಳನ್ನು ಅಲ್ಲಿಂದಲೇ ಅಳಿಸಲು ಹೋಗಬೇಡಿ. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಹುಡುಕಿ, ಸಿ ಡ್ರೈವ್ ಆರಿಸಿ, ‘ಕಾನ್ಫಿಗರ್’ ಒತ್ತಿ. ‘ಕರೆಂಟ್ ಯೂಸೇಜ್’ ಎದುರು ಈಗ ಎಷ್ಟು ತಿಂದಿದೆ ಅಂತ ಇರುತ್ತದೆ. ಕೆಳಗಿನ ‘ಮ್ಯಾಕ್ಸ್ ಯೂಸೇಜ್’ ಪಟ್ಟಿಯನ್ನು ಶೇ. 3–4ಕ್ಕೆ ಎಳೆದು ‘ಅಪ್ಲೈ’ ಕೊಟ್ಟರೆ ಹಳೆಯ ಪಾಯಿಂಟುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಪಕ್ಕದ ‘ಡಿಲೀಟ್’ ಗುಂಡಿ ಎಲ್ಲ ಪಾಯಿಂಟುಗಳನ್ನೂ ಒಮ್ಮೆಲೇ ತೆಗೆಯುತ್ತದೆ. ಡ್ರೈವರ್ ಕೈಕೊಟ್ಟ ದಿನ ಅವು ಬೇಕಾಗುತ್ತವೆ, ಆ ಗುಂಡಿಗೆ ಕೈ ಹಾಕದಿರುವುದೇ ಮೇಲು.

ಎರಡನೆಯ ಅನುಮಾನ ಹೈಬರ್‌ಫಿಲ್.ಸಿಸ್ (hiberfil.sys), ಅಂದರೆ ಹೈಬರ್ನೇಟ್ ಮಾಡುವಾಗ ತೆರೆದಿದ್ದ ಕೆಲಸವನ್ನೆಲ್ಲ ಬರೆದಿಡುವ ಫೈಲ್. ಇದು ರ್‍ಯಾಮ್‌ನ ಸುಮಾರು ಶೇ. 40ರಷ್ಟು ಗಾತ್ರದ್ದು, 16 ಜಿಬಿ ರ್‍ಯಾಮ್ ಇದ್ದರೆ ಆರು ಜಿಬಿಗೂ ಮಿಕ್ಕಿ. ಸಿಸ್ಟಮ್ ಫೈಲ್ ಆದ್ದರಿಂದ ಎಕ್ಸ್‌ಪ್ಲೋರರ್ ತೋರಿಸುವುದಿಲ್ಲ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘powercfg /h off’ ಕೊಟ್ಟರೆ ಪೂರ್ತಿ ಹೋಗುತ್ತದೆ, ಜೊತೆಗೆ ಕಂಪ್ಯೂಟರನ್ನು ಬೇಗ ಎಬ್ಬಿಸುವ ಫಾಸ್ಟ್ ಸ್ಟಾರ್ಟಪ್ ಕೂಡ. ‘powercfg /h /type reduced’ ಕೊಟ್ಟರೆ ಅರ್ಧಕ್ಕಿಳಿಯುತ್ತದೆ, ಫಾಸ್ಟ್ ಸ್ಟಾರ್ಟಪ್ ಉಳಿಯುತ್ತದೆ, ಹೈಬರ್ನೇಟ್ ಮಾತ್ರ ಹೋಗುತ್ತದೆ. ಹೈಬರ್ನೇಟ್ ನನಗೆ ಬೇಡದ ವಸ್ತು, ಎಸ್‌ಎಸ್‌ಡಿ ಮೇಲೆ ಫಾಸ್ಟ್ ಸ್ಟಾರ್ಟಪ್‌ನ ಲಾಭವೂ ಅಷ್ಟಕ್ಕಷ್ಟೆ. ನಾನು ಮೊದಲನೆಯದನ್ನೇ ಕೊಡುವುದು. ಅದರ ನೆರೆಯ ಪೇಜ್‌ಫೈಲ್.ಸಿಸ್ ತಂಟೆಗೆ ಹೋಗಬೇಡಿ. ರ್‍ಯಾಮ್ ಸಾಲದಾದಾಗ ವಿಂಡೋಸ್ ಬಳಸುವುದು ಅದನ್ನೇ.

ಲೆಕ್ಕ ಉಲ್ಟಾ ಹೊಡೆಯುವುದೂ ಉಂಟು. ವಿಂಡೋಸ್ ತನ್ನ ಬಿಡಿಭಾಗಗಳನ್ನು ಇಟ್ಟುಕೊಳ್ಳುವ ವಿನ್‌ಎಸ್‌ಎಕ್ಸ್‌ಎಸ್ (WinSxS) ಫೋಲ್ಡರಿನಲ್ಲಿರುವುದರಲ್ಲಿ ಬಹುಪಾಲು ಹಾರ್ಡ್ ಲಿಂಕ್‌ಗಳು. ಒಂದೇ ಫೈಲಿಗೆ ಎರಡು ವಿಳಾಸ. ಎಕ್ಸ್‌ಪ್ಲೋರರ್ ಎರಡು ಸಲ ಎಣಿಸಿ ಇಲ್ಲದ ಭಾರ ತೋರಿಸುತ್ತದೆ. ಕೈಯಾರೆ ಅಲ್ಲಿ ಏನಾದರೂ ಅಳಿಸಿದರೆ ವಿಂಡೋಸ್ ಏಳದೇ ಹೋಗಬಹುದು. ಆ ಕಸ ಗುಡಿಸುವುದು ವಿಂಡೋಸ್‌ಗೇ ಬಿಟ್ಟ ಕೆಲಸ.

ಅಲ್ಲಿಗೆ ಸ್ಟೋರೇಜ್ ಪುಟದ ಸರದಿ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಮತ್ತು ‘ಡೆಲಿವರಿ ಆಪ್ಟಿಮೈಸೇಷನ್ ಫೈಲ್ಸ್’ ಕಣ್ಣುಮುಚ್ಚಿ ತೆಗೆಯಬಹುದು. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್’ ತೆಗೆದರೆ ಹಳೆಯ ಆವೃತ್ತಿಗೆ ಮರಳಲಾಗದು; 10 ದಿನ ಕಾದರೆ ಅದು ತಾನಾಗಿಯೇ ಹೋಗುತ್ತದೆ. ಅದೇ ಪಟ್ಟಿಯಲ್ಲಿ, ಕಸದ ಸಾಲಿನಲ್ಲಿ, ‘ಡೌನ್‌ಲೋಡ್ಸ್’ ಕೂಡ ಇದೆ. ಪಿಂಚಣಿ ಕಾಗದ, ಪಹಣಿ ಪ್ರತಿ, ಮದುವೆ ವಿಡಿಯೊ ಎಲ್ಲ ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುವ ಮನೆಗಳಲ್ಲಿ ಈ ಸಾಲು ಅಪಾಯದ್ದು. ಎಲ್ಲಕ್ಕೂ ಟಿಕ್ ಹಾಕುತ್ತಾ ಹೋಗುವವರು ಇಲ್ಲಿ ನಿಲ್ಲಬೇಕು. ತಾನಾಗಿಯೇ ಕಸ ತೆಗೆಯುವ ಸ್ಟೋರೇಜ್ ಸೆನ್ಸ್ ಆನ್ ಮಾಡುವುದಿದ್ದರೂ ಡೌನ್‌ಲೋಡ್ಸ್ ಎದುರು ‘ನೆವರ್’ ಇದೆಯೇ ನೋಡಿಕೊಳ್ಳಿ.

ಒನ್‌ಡ್ರೈವ್ ಇರುವವರಿಗೆ ವಿಜ್‌ಟ್ರೀಯಲ್ಲಿ ‘ಸೈಜ್’ ಮತ್ತು ‘ಅಲೊಕೇಟೆಡ್’ ಎಂಬ ಎರಡು ಕಾಲಮ್ ಮುಖ್ಯ. 4 ಜಿಬಿ ವಿಡಿಯೊ ಕ್ಲೌಡ್‌ನಲ್ಲಷ್ಟೇ ಇದ್ದರೆ ಸೈಜ್ 4 ಜಿಬಿ, ಅಲೊಕೇಟೆಡ್ ಸೊನ್ನೆ. ಅಂಥದ್ದನ್ನು ಅಳಿಸಿದರೆ ಡಿಸ್ಕ್‌ನಲ್ಲಿ ಒಂದು ಎಂಬಿಯೂ ಸಿಗದು, ಕ್ಲೌಡ್‌ನಿಂದ ಮಾತ್ರ ಫೈಲ್ ಮಾಯ. ಅಲೊಕೇಟೆಡ್ ತುಂಬಿದ್ದರೆ ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಕೊಡಿ.

ಸಿಕ್ಲೀನರ್ ಥರದ ‘ಕ್ಲೀನರ್’ಗಳು ಬೇಡ. 2017ರಲ್ಲಿ ಅದರ 5.33 ಆವೃತ್ತಿಯೊಳಗೇ ಮಾಲ್‌ವೇರ್ ಸೇರಿ ಹೊರಬಂದಿತ್ತು ಅನ್ನುವುದು ಒಂದು ಕಡೆಯಿರಲಿ. ಬ್ರೌಸರ್ ಕ್ಯಾಶ್ ಅಳಿಸಿ ಎರಡು ಜಿಬಿ ತೋರಿಸುತ್ತವೆ, ವಾರದಲ್ಲಿ ಅದು ಮತ್ತೆ ತುಂಬಿರುತ್ತದೆ. ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗುಗಳ ದಾಖಲೆ) ಸ್ವಚ್ಛ ಮಾಡಿದರೆ ಜಾಗ ಸಿಗುವುದಿಲ್ಲ.

ನನ್ನ ಕ್ರಮ ಇಷ್ಟು. ಮೊದಲು ಟೆಂಪರರಿ ಫೈಲ್ಸ್. ಆಮೇಲೆ ವಿಜ್‌ಟ್ರೀಯ ‘ಫೈಲ್ ವ್ಯೂ’, ಅಲ್ಲಿ ಅತಿ ದೊಡ್ಡ 1000 ಫೈಲುಗಳು ಸಾಲಾಗಿ ಬರುತ್ತವೆ. ಹಳೆಯ ಐಎಸ್‌ಒ (ಇಡೀ ಡಿಸ್ಕಿನ ಪ್ರತಿಯಿರುವ ಫೈಲ್), ಎರಡೆರಡು ಸಲ ಇಳಿಸಿದ ವಿಡಿಯೊ, ಮಾರಿದ ಐಫೋನಿನ ಬ್ಯಾಕಪ್ ಸಿಕ್ಕಿಬೀಳುವುದು ಆ ಪಟ್ಟಿಯಲ್ಲೇ. ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋದರೆ ಜಾಗ ಬಿಡುಗಡೆಯಾಗಿಲ್ಲ ಅಂತಲೇ ಲೆಕ್ಕ. ಬಿನ್ ಖಾಲಿ ಮಾಡುವ ಮುಂಚೆ ಒಮ್ಮೆ ಕಣ್ಣಾಡಿಸಿ. ಎಸ್‌ಎಸ್‌ಡಿಯಲ್ಲಿ ಟ್ರಿಮ್ (ಅಳಿಸಿದ ಫೈಲಿನ ಜಾಗವನ್ನು ತೆರವು ಮಾಡುವ ವ್ಯವಸ್ಥೆ) ಕೆಲಸ ಮಾಡಿದ ಮೇಲೆ ರಿಕವರಿ ತಂತ್ರಾಂಶಕ್ಕೂ ಏನೂ ಸಿಗುವುದಿಲ್ಲ.

ಮನೆ ಬಳಕೆಗೆ ವಿಜ್‌ಟ್ರೀ ಉಚಿತ, ಕಚೇರಿಗಾದರೆ ಲೈಸೆನ್ಸ್ ಕೊಳ್ಳಬೇಕು. ಡಿಟಿಪಿ ಅಂಗಡಿ, ಸೈಬರ್ ನಡೆಸುವವರಿಗೆ ಆ ಖರ್ಚು ಬೇಡವಾದರೆ ವಿನ್‌ಡರ್‌ಸ್ಟಾಟ್ ಸರಿ. ಅದು ಮುಕ್ತ ತಂತ್ರಾಂಶ, ಎಲ್ಲಿ ಹಾಕಿದರೂ ದುಡ್ಡಿಲ್ಲ. ಎನ್‌ಟಿಎಫ್‌ಎಸ್ ಅಲ್ಲದ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್, ನೆಟ್‌ವರ್ಕ್ ಡ್ರೈವ್‌ಗಳಲ್ಲಿ ಎಂಎಫ್‌ಟಿಯೇ ಕೈಗೆ ಸಿಗದ್ದರಿಂದ ವಿಜ್‌ಟ್ರೀಯ ವೇಗವೂ ಅಲ್ಲಿ ನಡೆಯದು. ಅಲ್ಲಿ ಎರಡರಲ್ಲಿ ಯಾವುದಾದರೂ ಆದೀತು.