ಪಿಎಸ್5 ಬಿಸಿಯಾದರೆ ಸಿಕ್ಕಿದ ಅಂಗಡಿಯಲ್ಲಿ ಬಿಚ್ಚಿಸಬೇಡಿ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಮನೆಯಲ್ಲಿ ಪ್ಲೇಸ್ಟೇಷನ್ 5 (ಪಿಎಸ್5, ಟೀವಿಗೆ ಜೋಡಿಸಿ ಆಡುವ ಸೋನಿಯ ಆಟದ ಯಂತ್ರ, ಅಂದರೆ ಕನ್ಸೋಲ್) ಇಟ್ಟುಕೊಂಡವರು ಇದನ್ನು ದಯವಿಟ್ಟು ಪೂರ್ತಿ ಓದಿ. ನಮ್ಮ ಮನೆಯ ಪಿಎಸ್5 ಒಂದು ರಿಪೇರಿ ಅಂಗಡಿಯಲ್ಲಿ ಹಾಳಾಯಿತು. ಸಿಡಿಲು ಬಡಿದದ್ದಲ್ಲ, ಕೆಳಗೆ ಬಿದ್ದದ್ದೂ ಅಲ್ಲ. ಒಳಗೆ ಏನಿದೆ ಎಂದು ತಿಳಿಯದವರು ಬಿಚ್ಚಿದರು, ಒರೆಸಬಾರದ್ದನ್ನು ಒರೆಸಿದರು. ಅಂಗಡಿಯ ಹೆಸರು ಬರೆಯುವುದಿಲ್ಲ. ಇದೇ ಕೆಲಸವನ್ನು ಹೀಗೇ ಮಾಡುವವರು ಬೇರೆ ಕಡೆಯೂ ಇರುತ್ತಾರೆ. ಒಂದು ಹೆಸರು ಹೇಳಿದರೆ ಉಳಿದವರೆಲ್ಲ ಸರಿ ಇದ್ದಾರೆ ಅಂತ ಆಗಿಬಿಡುತ್ತದೆ.

ಇದು ಭಾವ ದುಬೈಯಿಂದ ಬರುವಾಗ ನನ್ನ ತಮ್ಮನಿಗೆ ಅಂತ ತಂದದ್ದು. 2020ರ ನವೆಂಬರಿನಲ್ಲಿ ಬಂದಿತಲ್ಲ, ಎರಡೂ ಬದಿಗೆ ದೊಡ್ಡ ಬಿಳಿ ಕವರ್ ಇರುವ ಮೊದಲನೇ ಮಾದರಿ, ಅದು. ನಮ್ಮ ಮನೆ ಹೆದ್ದಾರಿಗೆ ಹತ್ತಿರ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66ನ್ನು ಆರು ಪಥ ಮಾಡುವಾಗ ಎಷ್ಟು ಧೂಳು ಎದ್ದಿತ್ತು ಅಂತ ಈ ದಾರಿಯವರಿಗೆ ನಾನು ಹೇಳಬೇಕಾಗಿಲ್ಲ. ಗುಡ್ಡ ಕಡಿದ ಕೆಂಪು ಮಣ್ಣು, ಮುರಕಲ್ಲಿನ ಪುಡಿ, ಕಿಟಕಿ ಮುಚ್ಚಿದರೂ ಒಳಗೆ. ಅದರ ಮೇಲೆ ಕಡಲಿನ ಗಾಳಿ. ಒಳನಾಡಿನಲ್ಲಿ ಧೂಳು ಊದಿದರೆ ಹಾರಿಹೋಗುತ್ತದೆ. ನಮ್ಮಲ್ಲಿ ಉಪ್ಪಿನ ತೇವಕ್ಕೆ ಅದು ಅಂಟಿ ಕೂರುತ್ತದೆ.

ಮೊದಲು ಫ್ಯಾನಿನ ಶಬ್ದ ಜಾಸ್ತಿಯಾಯಿತು. ಆಮೇಲೆ ಬೇಸಿಗೆಯ ಸೆಖೆಯಲ್ಲಿ, ಆಟದ ಮಧ್ಯೆ, ಯಂತ್ರ ತುಂಬಾ ಬಿಸಿಯಾಗಿದೆ, ಆಫ್ ಮಾಡಿ ತಣಿಯಲು ಬಿಡಿ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿತು. ಈ ಸೂಚನೆ ಬಂದರೆ ಹೆದರಬೇಡಿ. ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅಂತ ಅರ್ಥ. ನಮ್ಮದರಲ್ಲಿ ಆ ಹೊತ್ತಿಗೆ ಧೂಳು ಬಿಟ್ಟರೆ ಬೇರೆ ಯಾವ ದೋಷವೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆಗಬೇಕಾಗಿಯೇ ಇರಲಿಲ್ಲ.

ಅಂಗಡಿಯಲ್ಲಿ ನಾವು ಹೇಳಿದ್ದು ಒಂದೇ ಮಾತು: ಧೂಳು ತೆಗೆದುಕೊಡಿ. ಅವರು "ಆಯ್ತು ಅಕ್ಕ, ಫುಲ್ ಸರ್ವಿಸ್ ಮಾಡಿ ಕೊಡ್ತೇವೆ, ಪಿಎಸ್4 ಎಷ್ಟೋ ಮಾಡಿದ್ದೇವೆ" ಅಂದರು. ಪಿಎಸ್4 ಅಂದರೆ ಇದಕ್ಕಿಂತ ಮೊದಲು ಬಂದ ಯಂತ್ರ. ಆ ಮಾತಿನಲ್ಲೇ ಎಲ್ಲ ಇದೆ. ಪಿಎಸ್4ರಲ್ಲಿ ಚಿಪ್ಪಿಗೂ ಅದರ ಬಿಸಿಯನ್ನು ಎಳೆದುಕೊಳ್ಳುವ ಲೋಹದ ಹೀಟ್‌ಸಿಂಕಿಗೂ ನಡುವೆ ಇರುವುದು ಮಾಮೂಲಿ ಥರ್ಮಲ್ ಪೇಸ್ಟ್. ಬೂದು ಬಣ್ಣದ್ದು, ಟ್ಯೂಬಿನಲ್ಲಿ ಬರುತ್ತದೆ. ವರ್ಷಗಳಾದ ಮೇಲೆ ಒಣಗುತ್ತದೆ, ಒರೆಸಿ ಹೊಸದು ಹಚ್ಚಿದರೆ ಯಂತ್ರ ತಣ್ಣಗಾಗುತ್ತದೆ. ಲ್ಯಾಪ್‌ಟಾಪಿಗೂ ಇದೇ ಕೆಲಸ. ಹಾಗಾಗಿ ಅದರಲ್ಲಿ ಕೈ ಪಳಗಿದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ.

ಪಿಎಸ್5ರಲ್ಲಿ ಆ ಜಾಗದಲ್ಲಿ ಪೇಸ್ಟ್ ಇಲ್ಲ. ಲಿಕ್ವಿಡ್ ಮೆಟಲ್ ಇದೆ, ಅಂದರೆ ದ್ರವ ಲೋಹ.

ಯಾಕೆ ಹಾಗೆ ಮಾಡಿದರು ಅಂತ ಸ್ವಲ್ಪ ಹೇಳಬೇಕು. ಇದರ ಮುಖ್ಯ ಚಿಪ್ ಎಎಂಡಿ ಕಂಪನಿಯವರದ್ದು. ಲೆಕ್ಕ ಮಾಡುವ 8 ಕೋರ್‌ಗಳ ಸಿಪಿಯುವೂ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗವೂ ಒಂದೇ ತುಂಡಿನಲ್ಲಿವೆ. ಸಿಪಿಯು 3.5 ಗಿಗಾಹರ್ಟ್ಜ್ ತನಕ, ಗ್ರಾಫಿಕ್ಸ್ 2.23 ಗಿಗಾಹರ್ಟ್ಜ್ ತನಕ ಓಡುತ್ತದೆ. ದೊಡ್ಡ ಆಟ ಆಡುವಾಗ ಇಡೀ ಯಂತ್ರ ಸುಮಾರು 200 ವ್ಯಾಟ್ ಎಳೆಯುತ್ತದೆ. ಅದರಿಂದ ಬರುವ ಬಿಸಿಯ ಬಹುಪಾಲು ಹುಟ್ಟುವುದು ಹೆಬ್ಬೆರಳಿನಿಂದ ಮುಚ್ಚಬಹುದಾದಷ್ಟು ಸಣ್ಣ ಜಾಗದಲ್ಲಿ. ಅಷ್ಟು ಸಣ್ಣ ಜಾಗದಿಂದ ಅಷ್ಟು ಬಿಸಿಯನ್ನು ಬೇಗ ಹೊರಗೆ ಎಳೆಯಲು ಪೇಸ್ಟ್ ಸಾಲದು. ಹಾಗಾಗಿ ಗ್ಯಾಲಿಯಂ ಇರುವ ಮಿಶ್ರಲೋಹ ಹಾಕಿದ್ದಾರೆ. ಶುದ್ಧ ಗ್ಯಾಲಿಯಂ ಸುಮಾರು 30 ಡಿಗ್ರಿಗೇ ಕರಗುತ್ತದೆ. ಬೇರೆ ಲೋಹ ಬೆರೆಸಿದರೆ ಅದಕ್ಕಿಂತ ತಣ್ಣಗಿದ್ದರೂ ದ್ರವವಾಗಿಯೇ ಇರುತ್ತದೆ. ಬಿಸಿಯನ್ನು ದಾಟಿಸುವುದರಲ್ಲಿ ಪೇಸ್ಟ್ ಅದರ ಹತ್ತಿರವೂ ಬರುವುದಿಲ್ಲ.

ಆದರೆ ಈ ಲೋಹಕ್ಕೆ ಎರಡು ಕೆಟ್ಟ ಗುಣ ಇದೆ. ಒಂದು, ಅದರಲ್ಲಿ ಕರೆಂಟು ಹರಿಯುತ್ತದೆ. ಚಿಪ್ಪಿನ ಪಕ್ಕದ ಸಣ್ಣ ಸಣ್ಣ ಬಿಡಿಭಾಗಗಳ ಮೇಲೆ ಒಂದು ಹನಿ ಹೋದರೂ ಶಾರ್ಟ್. ಇನ್ನೊಂದು, ಅಲ್ಯೂಮಿನಿಯಂ ತಾಗಿದರೆ ಗ್ಯಾಲಿಯಂ ಅದರೊಳಗೆ ಇಳಿದು ಪುಡಿಪುಡಿಯಾಗುವ ಹಾಗೆ ಮಾಡುತ್ತದೆ. ಅದಕ್ಕೇ ಸೋನಿಯವರು ಚಿಪ್ಪಿನ ಸುತ್ತ ಒಂದು ಸೀಲ್ ಕೂರಿಸಿ ಲೋಹ ಆಚೆ ಹೋಗದಂತೆ ಕಟ್ಟೆ ಕಟ್ಟಿದ್ದಾರೆ. ಇದಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ತಯಾರಿ ಮಾಡಿಕೊಂಡೆವು ಎಂದು ಅವರ ಮೆಕ್ಯಾನಿಕಲ್ ವಿನ್ಯಾಸದ ಮುಖ್ಯಸ್ಥ ಯಾಸುಹಿರೊ ಓಟೋರಿ 2020ರ ಅಕ್ಟೋಬರಿನಲ್ಲಿ ಹೇಳಿದ್ದರು. ಯಂತ್ರವನ್ನು ಒಂದೊಂದೇ ಭಾಗವಾಗಿ ಬಿಚ್ಚಿ ತೋರಿಸಿದ ಆ ವಿಡಿಯೋದಲ್ಲಿ, ಮನೆಯಲ್ಲಿ ಇದನ್ನು ಮಾಡಬೇಡಿ, ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದೂ ಬರೆದಿತ್ತು. ಎರಡು ವರ್ಷದ ತಯಾರಿಯಲ್ಲಿ ಕೂರಿಸಿದ್ದನ್ನು ನಮ್ಮ ಅಂಗಡಿಯಲ್ಲಿ ಒಂದು ಬಟ್ಟೆಯ ತುಂಡಿನಲ್ಲಿ ಒರೆಸಿದರು.

ಒರೆಸಿದವರೇ ಇದನ್ನು ಹೇಳಿದ್ದು. ಯಂತ್ರ ವಾಪಸ್ ಕೊಡುವಾಗ "ಪೇಸ್ಟ್ ಎಲ್ಲ ಕರಗಿ ಬೆಳ್ಳಿ ಥರ ಆಗಿತ್ತು, ತೆಗೆದು ಹೊಸದು ಹಾಕಿದ್ದೇವೆ" ಅಂದರು. ಅವರ ಧ್ವನಿಯಲ್ಲಿ ಸುಳ್ಳು ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದ್ದೇವೆ ಎಂದೇ ಅವರು ನಂಬಿದ್ದರು. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಮೋಸ ಮಾಡುವವನನ್ನು ಮಾತಿನಲ್ಲೇ ಹಿಡಿಯಬಹುದು. ತಿಳಿಯದೆ ಹಾಳು ಮಾಡುವವನನ್ನು ಹೇಗೆ ಹಿಡಿಯುವುದು?

ಮನೆಗೆ ತಂದು ಹಾಕಿದಾಗ ಯಂತ್ರ ಆನ್ ಆಯಿತು. ಮೆನು ಬಂತು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಫ್ಯಾನ್ ಜೋರಾಯಿತು, ಟಪ್ ಅಂತ ಆಫ್. ಈ ಸಲ ಸೂಚನೆಯೂ ಇಲ್ಲ. ಮತ್ತೆ ಗುಂಡಿ ಒತ್ತಿದರೆ ಒಂದು ಬೀಪ್, ನೀಲಿ ದೀಪ ಒಮ್ಮೆ ಮಿಂಚಿ ಹೋಯಿತು. ಆಮೇಲೆ ಅದೂ ಇಲ್ಲ. ಅಂಗಡಿಯವರು "ನಾವು ಕೊಡುವಾಗ ಆನ್ ಆಗ್ತಿತ್ತಲ್ಲ, ನಿಮ್ಮ ಮನೆಯ ವೋಲ್ಟೇಜ್ ಪ್ರಾಬ್ಲಮ್ ಇರಬೇಕು" ಅಂದರು. ಸರ್ವಿಸಿಗೆ ಕೊಟ್ಟ ಹಣಕ್ಕೆ ರಸೀದಿಯೂ ಇರಲಿಲ್ಲ, ಏನೇನು ಮಾಡಿದರು ಅಂತ ಬರೆದ ಚೀಟಿಯೂ ಇರಲಿಲ್ಲ.

ಮಂಗಳೂರಿನಲ್ಲಿ ಬೋರ್ಡ್ ಮಟ್ಟದ ಕೆಲಸ ಮಾಡುವ ಒಬ್ಬರ ಹತ್ತಿರ ತೆಗೆದುಕೊಂಡು ಹೋದೆವು. ಅವರು ನಮ್ಮೆದುರೇ ಬಿಚ್ಚಿದರು. ಹೀಟ್‌ಸಿಂಕ್ ಎತ್ತಿದಾಗ ಚಿಪ್ಪಿನ ಮೇಲೆ ಬೂದು ಪೇಸ್ಟ್ ದಪ್ಪಗೆ ಮೆತ್ತಿತ್ತು. ಸುತ್ತಲಿನ ಸೀಲ್ ಒಂದು ಮೂಲೆಯಲ್ಲಿ ಹರಿದಿತ್ತು. ಬೋರ್ಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು "ಇಲ್ಲಿ ನೋಡಿ ಅಕ್ಕ" ಅಂದರು. ಪರದೆಯಲ್ಲಿ ಸಾಲಾಗಿ ಕಂದು ಬಣ್ಣದ ಕೆಪಾಸಿಟರ್ ಎಂಬ ಸಣ್ಣ ಬಿಡಿಭಾಗಗಳು. ಅವುಗಳ ನಡುವಿನ ಸಂದಿಯಲ್ಲಿ ಪಾದರಸದ ಹಾಗೆ ಹೊಳೆಯುವ ಪುಟ್ಟ ಪುಟ್ಟ ಗುಂಡುಗಳು. ಅವರು ಸೂಜಿಯ ತುದಿಯಿಂದ ಒಂದನ್ನು ಮುಟ್ಟಿದರು. ಅದು ಒಡೆದು ಎರಡಾಯಿತು, ಒಂದು ಉರುಳಿ ಪಕ್ಕದ ಸಂದಿಗೆ ಹೋಯಿತು. ಬಟ್ಟೆಯಲ್ಲಿ ಒರೆಸಿದಾಗ ಆಗಿದ್ದೂ ಇದೇ. ಲೋಹ ಬಟ್ಟೆಗೆ ಹತ್ತಲಿಲ್ಲ, ಕಟ್ಟೆ ದಾಟಿ ಸುತ್ತ ಹರಡಿತು. ಮಾಮೂಲಿ ಪೇಸ್ಟಿಗೆ ಯಂತ್ರ ಮತ್ತೂ ಬಿಸಿಯಾಯಿತು, ಹರಡಿದ್ದು ಶಾರ್ಟ್ ಮಾಡಿತು. ಅವರು ಮೀಟರ್ ಹಿಡಿದು ನೋಡಿ, ಶಾರ್ಟ್ ಚಿಪ್ಪಿನ ಒಳಗೂ ಹೋಗಿದೆ, ಕೆಲಸ ಮಾಡಿದರೂ ಬದುಕುತ್ತದೆ ಅಂತ ಹೇಳಲಾರೆ ಅಂದರು. ಹಣ ತೆಗೆದುಕೊಳ್ಳಲಿಲ್ಲ.

ಗಲ್ಫಿನಲ್ಲಿ ಕೊಂಡ ವಸ್ತುವಿಗೆ ವಾರಂಟಿ ಸಾಮಾನ್ಯವಾಗಿ ಅಲ್ಲಿಯದೇ. ಇದ್ದಿದ್ದರೂ ಬಿಚ್ಚಿದ ಮೇಲೆ ಯಾರೂ ಒಪ್ಪುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಧೂಳಿಗಾಗಿ ಪಿಎಸ್5ರ ಹೀಟ್‌ಸಿಂಕ್ ಎತ್ತಬೇಕಾದ ಅಗತ್ಯವೇ ಇಲ್ಲ. ಗಾಳಿಯ ದಾರಿ ತಿಳಿದರೆ ಇದು ಅರ್ಥ ಆಗುತ್ತದೆ. ಬಿಳಿ ಕವರಿಗೂ ನಡುವಿನ ಕಪ್ಪು ಭಾಗಕ್ಕೂ ಮಧ್ಯೆ ಮುಂದುಗಡೆ ಇರುವ ಸಂದಿಯಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಫ್ಯಾನ್ 120 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ದಪ್ಪ. ಕಂಪ್ಯೂಟರಿನ ಮಾಮೂಲಿ ಫ್ಯಾನ್ 25 ಮಿಲಿಮೀಟರ್ ದಪ್ಪ ಇರುತ್ತದೆ, ಅದಕ್ಕೆ ಹೋಲಿಸಿದರೆ ಇದು ದೈತ್ಯ. ಎರಡೂ ಬದಿಯಿಂದ ಗಾಳಿ ಎಳೆಯುತ್ತದೆ. ಆ ಗಾಳಿ ಹೀಟ್‌ಸಿಂಕಿನ ತೆಳು ಹಾಳೆಗಳ ನಡುವೆ ನುಗ್ಗಿ ಹಿಂದಿನಿಂದ ಬಿಸಿಯಾಗಿ ಹೊರಗೆ ಹೋಗುತ್ತದೆ. ಧೂಳು ಕೂರುವುದು ಈ ದಾರಿಯಲ್ಲಿ. ಸೀಲಿನೊಳಗೆ ಕೂತ ಲೋಹಕ್ಕೂ ಈ ಧೂಳಿಗೂ ಸಂಬಂಧವೇ ಇಲ್ಲ.

ಆ ಬಿಳಿ ಕವರ್‌ಗಳನ್ನು ತೆಗೆಯಲು ಸ್ಕ್ರೂ ಡ್ರೈವರ್ ಕೂಡ ಬೇಡ. ಕೈಯಲ್ಲಿ ಎತ್ತಿ ಜಾರಿಸಿದರೆ ಬರುತ್ತದೆ. ಒಳಗೆ ಫ್ಯಾನ್ ಕಾಣುತ್ತದೆ. ಧೂಳು ಹಿಡಿದಿಡಲೆಂದೇ ಮಾಡಿದ ಎರಡು ತೂತುಗಳೂ ಇವೆ, ಅಲ್ಲಿಂದ ವ್ಯಾಕ್ಯೂಮಿನಲ್ಲಿ ಎಳೆಯಲಿ ಅಂತಲೇ ಇಟ್ಟದ್ದು. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ತಣಿದ ಮೇಲೆ ಕಡಿಮೆ ವೇಗದಲ್ಲಿ ವ್ಯಾಕ್ಯೂಮ್ ಹಿಡಿಯಿರಿ. ಫ್ಯಾನಿನ ಎಲೆಗಳಿಗೆ ಒಣ ಬ್ರಷ್ ಸಾಕು. ಫ್ಯಾನನ್ನು ಬೆರಳಿನಿಂದ ಹಿಡಿದುಕೊಂಡೇ ಮಾಡಿ, ಗಾಳಿಗೆ ಗಿರಗಿರ ತಿರುಗಲು ಬಿಡಬೇಡಿ. ಅಂಗಡಿಗಳಲ್ಲಿ ದೊಡ್ಡ ಬ್ಲೋವರ್ ಹಿಡಿಯುತ್ತಾರಲ್ಲ, ಅದು ಧೂಳನ್ನು ಹೊರಗೆ ತರುವುದಕ್ಕಿಂತ ಒಳಗೆ ತಳ್ಳುವುದೇ ಜಾಸ್ತಿ.

ನಮ್ಮ ಕಡೆಯ ಇನ್ನೊಂದು ಅಭ್ಯಾಸ ಹೇಳಲೇಬೇಕು: ಟೀವಿ ಶೋಕೇಸಿನ ಒಳಗೆ ಇಟ್ಟು ಗಾಜಿನ ಬಾಗಿಲು ಹಾಕುವುದು. ಧೂಳಿನಿಂದ ಕಾಪಾಡಲು ಅಂತ ಮಾಡುತ್ತಾರೆ. ಆದರೆ ಆಗ ಹೊರಗೆ ಹೋದ ಬಿಸಿ ಗಾಳಿಯನ್ನೇ ಯಂತ್ರ ಮತ್ತೆ ಮುಂದಿನಿಂದ ಎಳೆದುಕೊಳ್ಳುತ್ತದೆ. ಯಂತ್ರದ ಸುತ್ತಲಿನ ಬಿಸಿಗೆ ಸೋನಿಯವರು ಹೇಳುವ ಮಿತಿ 5ರಿಂದ 35 ಡಿಗ್ರಿ. ಏಪ್ರಿಲ್, ಮೇಯಲ್ಲಿ ತಾರಸಿಯ ಕೆಳಗಿನ ಕೋಣೆ ಮಧ್ಯಾಹ್ನ ಎಷ್ಟು ಕಾಯುತ್ತದೆ ಅಂತ ನಿಮಗೇ ಗೊತ್ತು, ಅದರೊಳಗೆ ಮುಚ್ಚಿದ ಶೋಕೇಸ್ ಬೇರೆ. ಹಿಂದುಗಡೆ ಒಂದು ಗೇಣು ಜಾಗ ಬಿಡಿ, ಬಾಗಿಲು ತೆರೆದಿಡಿ. ಆಡದೆ ಇರುವಾಗ ಬಟ್ಟೆ ಹೊದೆಸಿ, ಆಡುವಾಗ ಮರೆಯದೆ ತೆಗೆಯಿರಿ.

ಇಷ್ಟೆಲ್ಲ ಮಾಡಿಯೂ ಬಿಸಿಯಾದರೆ ರಿಪೇರಿಗೆ ಕೊಡಲೇಬೇಕು. ಆಗ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: "ಇದರ ಚಿಪ್ಪಿನ ಮೇಲೆ ಏನು ಹಾಕಿದ್ದಾರೆ?" ಲಿಕ್ವಿಡ್ ಮೆಟಲ್ ಅಂತ ಅವರ ಬಾಯಿಂದ ಬರಬೇಕು. ನೀವಾಗಿ ಹೇಳಿಕೊಡಬೇಡಿ. "ಪೇಸ್ಟ್" ಅಂದರೆ ಯಂತ್ರ ತೆಗೆದುಕೊಂಡು ಸುಮ್ನೆ ಮನೆಗೆ ಬನ್ನಿ. ಎಲ್ಲ ಕನ್ಸೋಲೂ ಒಂದೇ ಥರ ಇರುವುದಿಲ್ಲ. ಪಿಎಸ್5ರಲ್ಲಿ, ಆಮೇಲೆ ಬಂದ ಸ್ಲಿಮ್ ಮತ್ತು ಪ್ರೊ ಮಾದರಿಗಳೂ ಸೇರಿ, ಇರುವುದು ಲಿಕ್ವಿಡ್ ಮೆಟಲ್. ಪ್ರೊದಲ್ಲಂತೂ ಲೋಹ ಜಾಗ ಬಿಟ್ಟು ಹೋಗದಿರಲಿ ಅಂತ ಅದು ಕೂರುವಲ್ಲಿ ಸಣ್ಣ ಗೀರುಗಳನ್ನು ಕೊರೆದಿದ್ದಾರೆ. ಮೈಕ್ರೋಸಾಫ್ಟಿನ ಆಟದ ಯಂತ್ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಬೇರೆಯದೇ ಏರ್ಪಾಡು. ಅಲ್ಲಿ ಪೇಸ್ಟ್ ಮತ್ತು ವೇಪರ್ ಚೇಂಬರ್ (ಒಳಗಿನ ದ್ರವ ಆವಿಯಾಗಿ ಬಿಸಿಯನ್ನು ಹರಡುವ ಲೋಹದ ಪೆಟ್ಟಿಗೆ), ಗಾಳಿ ಕೆಳಗಿನಿಂದ ಬಂದು ಮೇಲಿನ ದೊಡ್ಡ ಫ್ಯಾನಿನಿಂದ ಹೊರಗೆ. ಒಂದರಲ್ಲಿ ಪಳಗಿದ ಕೈ ಇನ್ನೊಂದಕ್ಕೆ ಸಾಲದು.

ಏನು ಮಾಡಬೇಕು, ಏನು ಮಾಡಬಾರದು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. "ಧೂಳು ಮಾತ್ರ, ಹೀಟ್‌ಸಿಂಕ್ ಎತ್ತಬಾರದು" ಎಂಬ ಒಂದು ಸಾಲು ಸಾಕು. ಗುರುತಿನವರು, ಬರೆಸಿಕೊಳ್ಳುವುದು ಹೇಗೆ ಅಂತ ಸಂಕೋಚ ಆಗುತ್ತದೆ, ಅದು ನನಗೂ ಗೊತ್ತು. ಆದರೂ ಬರೆಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೂಡ "ಸರ್ವಿಸ್ ಆಗಿದೆ" ಎಂಬ ಮಾತು ಕೇಳಿ ಖುಷಿ ಪಡಬೇಡಿ. ಎಲ್ಲಿ, ಯಾರು, ಏನು ಹಾಕಿದರು ಅಂತ ಕೇಳಿ. ಗಲ್ಫಿನಿಂದ ಬಂದ ಹಳೆಯ ಯಂತ್ರಗಳು ನಮ್ಮಲ್ಲಿ ಕೈಯಿಂದ ಕೈಗೆ ಹೋಗುತ್ತಾ ಇರುತ್ತವೆ ಅಲ್ವಾ, ಒಳಗೆ ಏನಾಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಒಂದು ದೊಡ್ಡ ಆಟ ಹಾಕಿ, ಒಂದು ಗಂಟೆಯಾದರೂ ಓಡಿಸಿ ನೋಡಿಯೇ ಹಣ ಕೊಡಿ.

ಕೊನೆಗೆ, ಆಟದ ಸೇವ್‌ಗಳ ವಿಷಯ, ಅಂದರೆ ಎಲ್ಲಿಯವರೆಗೆ ಆಡಿದ್ದೇವೆ ಅಂತ ಯಂತ್ರ ಉಳಿಸಿಟ್ಟ ದಾಖಲೆ. ಅವು ಇರುವ, ಮೊದಲನೇ ಮಾದರಿಯ ಪಿಎಸ್5ರ 825 ಜಿಬಿ ಎಸ್‌ಎಸ್‌ಡಿ ಬಿಚ್ಚಿ ತೆಗೆಯುವಂಥದ್ದಲ್ಲ, ಅದರ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. ಬೋರ್ಡ್ ಹೋದರೆ ಅದರಲ್ಲಿದ್ದದ್ದೂ ಹೋಯಿತು. ತಮ್ಮನ ಸೇವ್‌ಗಳೆಲ್ಲ ಹಾಗೇ ಹೋದವು. ಯಂತ್ರ ಆನ್ ಆಗುತ್ತಿರುವಾಗಲೇ ಸೆಟ್ಟಿಂಗ್ಸಿಗೆ ಹೋಗಿ ಯುಎಸ್‌ಬಿ ಡ್ರೈವಿಗೆ ಬ್ಯಾಕಪ್ ತೆಗೆದಿಡಿ. ಪಿಎಸ್ ಪ್ಲಸ್ (ಸೋನಿಯ ಚಂದಾ ಸೇವೆ) ಇರುವವರು ಕ್ಲೌಡಿಗೆ ಹಾಕಿ. ರಿಪೇರಿಗೆ ಕೊಡುವ ಹಿಂದಿನ ದಿನವಾದರೂ ಸರಿ, ಅದನ್ನು ಮಾಡಿಯೇ ಕೊಡಿ.