ಕುಳ್ಳ ಕಾಲಂಬೈನಾ, ನಮ್ಮ ಕರ್ಣಕುಂಡಲವಾ?

ಚಿಕ್ಕಮಗಳೂರಿನಲ್ಲಿ ಮನೆ ಮುಂದೆ ಒಂದಡಿ ಮೀರದ ಹೂಗಿಡ ಬೇಕು ಅಂದ್ರೆ ಯಾವುದು ಹಾಕುವುದು? ಹೊರನಾಡಿನ ಹೂಗಿಡ ಕಾಲಂಬೈನ್ (ಅಕ್ವಿಲೀಜಿಯಾ), ನಮ್ಮ ಕರ್ಣಕುಂಡಲ ಎರಡನ್ನೂ ಬೆಳೆದು ನೋಡಿದ್ದೇನೆ.

ಅಂದಕ್ಕೆ ನನ್ನ ಓಟು ಕಾಲಂಬೈನ್‌ಗೇ. ಜಪಾನ್ ಕಡೆಯ ಫ್ಲಬೆಲ್ಲಾಟಾ ಜಾತಿಯ ಕುಳ್ಳ ತಳಿ 15ರಿಂದ 25 ಸೆಂ.ಮೀ. ಅಷ್ಟೇ ಏಳುತ್ತದೆ, ನೀಲಿ ಬಿಳಿ ಹೂ ತಲೆ ಬಗ್ಗಿಸಿ ನಿಲ್ಲುತ್ತದೆ, ಎಸಳಿನ ಹಿಂದೆ ಕೊಕ್ಕೆಯಂತೆ ಬಾಗಿದ ಪುಟ್ಟ ಬಾಲ, ಅದರ ತುದಿಯಲ್ಲಿ ಮಕರಂದ. ಆದರೆ ತಾಳ್ಮೆ ಬೇಕು. ಬೀಜವನ್ನು ಒದ್ದೆ ಮರಳಿನ ಜೊತೆ ಮೂರು ನಾಲ್ಕು ವಾರ ಫ್ರಿಜ್‌ನಲ್ಲಿಟ್ಟು (ಬೀಜ ವಿಷ, ಡಬ್ಬಿಗೆ ಚೀಟಿ ಅಂಟಿಸಿ), ಆಮೇಲೆ ಮಣ್ಣಿನ ಮೇಲೆ ಸುಮ್ನೆ ಉದುರಿಸಬೇಕು, ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಹೂ ಸಾಮಾನ್ಯವಾಗಿ ಎರಡನೇ ವರ್ಷ. ಬೇರು ಆಳಕ್ಕಿಳಿಯುತ್ತದೆ, ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ನನ್ನ ಮೊದಲ ಗಿಡಗಳು ಆಷಾಢದ ಮಳೆಗೆ ಬುಡ ಕೊಳೆತು ಹೋದವು. ಈಗ ಆಳದ ಕುಂಡ, ಮರಳು ಬೆರೆಸಿದ ಮಣ್ಣು, ಸೂರಿನ ಕೆಳಗೆ ಜಾಗ, ಬೆಳಗಿನ ಬಿಸಿಲು ಮಾತ್ರ.

ಕರ್ಣಕುಂಡಲಕ್ಕೆ ಇಷ್ಟೆಲ್ಲ ರಗಳೆ ಇಲ್ಲ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂ. ಬಲಿತ ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿದು ತಾನೇ ಬಿತ್ತಿಕೊಳ್ಳುತ್ತದೆ. ಗಿಡ್ಡ ತಳಿಯನ್ನೇ ಕೇಳಿ ತನ್ನಿ, ಇಲ್ಲದಿದ್ದರೆ ಎರಡಡಿ ಏಳುತ್ತದೆ. ಒಂದೇ ಸೀಸನ್ ಅಷ್ಟೇ. ಕಾಲಂಬೈನ್ ಉಳಿದರೆ ಮೂರು ನಾಲ್ಕು ವರ್ಷ.

ಅರಸೀಕೆರೆ ಕಡೆಯ ಬೇಸಿಗೆಗೆ ಕಾಲಂಬೈನ್ ಬೇಡವೇ ಬೇಡ. ಈ ಗೌರಿ ಹಬ್ಬಕ್ಕೇ ಹೂ ನೋಡಬೇಕು ಅನ್ನುವವರು ಕರ್ಣಕುಂಡಲ ಹಾಕಿ, ಜೂನ್ ಕೊನೆಯೊಳಗೆ ಬಿತ್ತಿ.